ನಮ್ಮ ಅಂಕಿಗೆ ಕಂಪ್ಯೂಟರಿನಲ್ಲಿ ಜಾಗವಿದೆ, ಕೇಳುವವರಿಲ್ಲ
(ರಾಜಾಜಿನಗರದ ಯುವಕರ ಸಭೆಯಲ್ಲಿ ಆಡಿದ ಮಾತು)



ನಾನು ಪ್ರೋಗ್ರಾಂ ಬರೆಯುವವನಲ್ಲ, ಪ್ರೆಸ್ಸಿನವನು. ಮದುವೆ ಪತ್ರಿಕೆಯಲ್ಲಿ ಒಂದು ಅಂಕಿ ಆಚೀಚೆಯಾದರೆ ಸಾವಿರ ಕಾರ್ಡು ರದ್ದಿಗೆ ಹೋಗುತ್ತದೆ. ಹಾಗಾಗಿ ತಾರೀಖಿನ ಬೆಲೆ ಗೊತ್ತು. ಇಲ್ಲಿ ಕೂತಿರುವ ನಿಮ್ಮಲ್ಲಿ ಎಷ್ಟೋ ಜನ ವೆಬ್‌ಸೈಟು, ಆ್ಯಪ್ ಮಾಡುವವರು. ಅದಕ್ಕೇ ಈ ಮಾತು.

ರಾಜ್ಯೋತ್ಸವ ಯಾವತ್ತು? ನವೆಂಬರ್ ೧. ಅಮೆರಿಕದ ಲೆಕ್ಕಕ್ಕೆ ಬಿಟ್ಟ ವೆಬ್‌ಸೈಟು ಅದನ್ನು ೧೧/೧ ಎಂದು ತೋರಿಸುತ್ತದೆ. ನಮ್ಮ ಮನೆಯ ಹಿರಿಯರು ಜನವರಿ ೧೧ ಎಂದು ಓದುತ್ತಾರೆ. ತಿಂಗಳ ಹೆಸರು ಬರೆದರೆ ತಕರಾರಿಲ್ಲ, ನಾವೂ 'ಆಗಸ್ಟ್ ೧೫' ಎನ್ನುವವರೇ. ಬರೀ ಅಂಕಿಯಿದ್ದಾಗ ದಿನ ಮೊದಲು ಬರಬೇಕು, ಅಷ್ಟೆ.

ಇನ್ನು ದುಡ್ಡು. ಹನ್ನೆರಡು ಲಕ್ಷ ಚಿಲ್ಲರೆಯನ್ನು ನಾವು ೧೨,೩೪,೫೬೭ ಎಂದು ಬರೆಯುತ್ತೇವೆ, ೧,೨೩೪,೫೬೭ ಎಂದಲ್ಲ. ಯಾವ ಭಾಷೆಗೆ ಯಾವ ಪದ್ಧತಿ ಎಂಬುದನ್ನು ಯೂನಿಕೋಡ್ ಸಂಸ್ಥೆ ಸಿಎಲ್‌ಡಿಆರ್ ಎಂಬ ಕೋಶದಲ್ಲಿ ಇಟ್ಟಿದೆ. ಬ್ರೌಸರು, ಫೋನು ಎಲ್ಲ ನೋಡುವುದು ಅದನ್ನೇ. ಅದರ ಹಲವು ಆವೃತ್ತಿಗಳಲ್ಲಿ ಹಿಂದಿ, ತಮಿಳು, ತೆಲುಗಿಗೆ ಲಕ್ಷದ ಅಲ್ಪವಿರಾಮ, ಕನ್ನಡಕ್ಕೆ ಮಿಲಿಯನ್ನಿನ ಅಲ್ಪವಿರಾಮ! ಮರಾಠಿ, ಬಂಗಾಳಿಗೆ ಅವರವರ ಅಂಕಿಯೇ ಮೊದಲ ಆಯ್ಕೆ, ಕನ್ನಡಕ್ಕೆ ಇಂಗ್ಲಿಷ್ ಅಂಕಿ. ಬರೀ 'ಕೆಎನ್-ಐಎನ್' ಎಂದು ಕೊಟ್ಟರೆ ಕನ್ನಡ ಅಂಕಿ ಬರುವುದಿಲ್ಲ, ಬಾಲಕ್ಕೆ 'ಯು-ಎನ್‌ಯು-ಕೆಎನ್‌ಡಿಎ' ಸೇರಿಸಬೇಕು. ಧಿಕ್ಕಾರ ಕೂಗುವ ಮೊದಲು ಇದನ್ನು ಕೇಳಿ: ಆ ಕೋಶಕ್ಕೆ ಯಾರು ಬೇಕಾದರೂ ತಿದ್ದುಪಡಿ ಸೂಚಿಸಬಹುದು. ನಿಮ್ಮಲ್ಲಿ ಎಷ್ಟು ಜನ ಸೂಚಿಸಿದ್ದೀರಿ?

ತೋರಿಸುವುದು ಒಂದು, ತೆಗೆದುಕೊಳ್ಳುವುದು ಇನ್ನೊಂದು. ಫಾರಂನಲ್ಲಿ ಒಬ್ಬ ರೈತ ೧೦೦ ಎಂದು ಕನ್ನಡದಲ್ಲಿ ಒತ್ತಿದರೆ ಜಾವಾಸ್ಕ್ರಿಪ್ಟ್ 'ಇದು ಸಂಖ್ಯೆಯೇ ಅಲ್ಲ' ಎನ್ನುತ್ತದೆ. ಅದೇ ಪೈಥಾನ್ ತಕರಾರಿಲ್ಲದೆ ನೂರು ಎಂದು ಒಪ್ಪುತ್ತದೆ. ಅಂದಮೇಲೆ ಆಗುವುದಿಲ್ಲ ಎಂಬ ಮಾತು ಸುಳ್ಳು. ಹತ್ತೂ ಕನ್ನಡ ಅಂಕಿಗಳಿಗೆ ಯೂನಿಕೋಡ್‌ನಲ್ಲಿ ಸಾಲಾಗಿ ಜಾಗವಿದೆ; ಬದಲಿಸಿಕೊಳ್ಳುವುದು ಎರಡು ಸಾಲಿನ ಕೆಲಸ. ಒಂದು ಎಚ್ಚರ: ಸೊನ್ನೆಯೂ ಅನುಸ್ವಾರವೂ ಕಣ್ಣಿಗೆ ಒಂದೇ ಥರ, ಕಂಪ್ಯೂಟರಿಗೆ ಬೇರೆ ಬೇರೆ. ಸೊನ್ನೆಯ ಜಾಗದಲ್ಲಿ ಅನುಸ್ವಾರ ಒತ್ತುವವರು ಬಹಳ ಜನ. ಅವರನ್ನು ಬೈದು ವಾಪಸು ಕಳಿಸಬೇಡಿ, ನೀವೇ ತಿದ್ದಿಕೊಳ್ಳಿ.

ಖಾತೆ ನಂಬರು, ಒಟಿಪಿ ಎಲ್ಲವೂ ಕನ್ನಡ ಅಂಕಿಯಲ್ಲೇ ಬರಲಿ ಎಂದು ಹಠ ಹಿಡಿಯುವವನಲ್ಲ ನಾನು. ಕನ್ನಡದಲ್ಲಿ ಬರೆದವನನ್ನು ಬಾಗಿಲಲ್ಲೇ ತಡೆಯಬೇಡಿ ಎನ್ನುತ್ತೇನೆ. ನಾಳೆ ಕೆಲಸಕ್ಕೆ ಹೋದಾಗ ನೀವು ಮಾಡಿದ ಫಾರಂನಲ್ಲೇ ೧೦೦ ಒತ್ತಿ ನೋಡಿ. ಏನಾಯಿತು ಎಂದು ಮುಂದಿನ ಸಭೆಯಲ್ಲಿ ಹೇಳಿ.