ಇಲಿಗೂ ಕಚಗುಳಿ!

ಮಕ್ಕಳೇ, ಇಲಿಗೆ ಕಚಗುಳಿ ಇಟ್ಟರೆ ಏನಾಗುತ್ತದೆ ಗೊತ್ತೇ? ಅದೂ ನಗುತ್ತದೆ! ಆದರೆ ಆ ನಗು ನಮ್ಮ ಕಿವಿಗೆ ಬೀಳುವುದಿಲ್ಲ.

ಅಮೆರಿಕದಲ್ಲಿ ಯಾಕ್ ಪಾಂಕ್ಸೆಪ್ ಎಂಬ ವಿಜ್ಞಾನಿ ಇದ್ದರು. 1990ರ ದಶಕದಲ್ಲಿ ಅವರು ಎಳೆಯ ಇಲಿಗಳ ಕುತ್ತಿಗೆ, ಹೊಟ್ಟೆಯ ಮೇಲೆ ಬೆರಳಾಡಿಸಿ ಆಟವಾಡಿಸಿದರು. ಇಲಿಗಳು ಚಿಂವ್ ಚಿಂವ್ ಎನ್ನತೊಡಗಿದವು. ಸೆಕೆಂಡಿಗೆ 20,000ಕ್ಕಿಂತ ಹೆಚ್ಚು ಬಾರಿ ಕಂಪಿಸುವ ಸದ್ದು ನಮಗೆ ಕೇಳಿಸದು. ಈ ಸದ್ದು ಕಂಪಿಸುತ್ತಿದ್ದುದು ಸುಮಾರು 50,000 ಬಾರಿ. ಅದನ್ನು ಕೇಳಲು ಬಾವಲಿಗಳ ಕೂಗನ್ನು ಹಿಡಿಯುವ ಉಪಕರಣವೇ ಬೇಕಾಯಿತು. ಕಚಗುಳಿ ನಿಲ್ಲಿಸಿದರೆ ಇಲಿಗಳು ಆ ಕೈಯನ್ನೇ ಅಟ್ಟಿಸಿಕೊಂಡು ಬರುತ್ತಿದ್ದವು. ನನಗೆ ತುಂಬಾ ಹಿಡಿಸಿದ ಸಂಗತಿ ಇನ್ನೊಂದಿದೆ: ಸಪ್ಪಗಿರುವ ಇಲಿಗಿಂತ ಹೆಚ್ಚು ಚಿಂವ್‌ಗುಟ್ಟುವ ಇಲಿಯ ಜೊತೆ ಇರುವುದೇ ಅವಕ್ಕೆ ಇಷ್ಟವಂತೆ!

ನಾವೂ ಅಷ್ಟೇ ಅಲ್ಲವೇ? ಮೇಷ್ಟ್ರು ಬೋರ್ಡಿನ ಕಡೆ ತಿರುಗಿದಾಗ ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರೆ ಸಾಕು. ಪಕ್ಕದವಳು ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ, ಅವಳ ಭುಜ ಕುಣಿಯುವುದು ಕಂಡು ನಿಮಗೂ ತಡೆಯಲಾಗುವುದಿಲ್ಲ. ಏನಾಯಿತೆಂದು ಒಬ್ಬರಿಗೂ ಗೊತ್ತಿರುವುದಿಲ್ಲ! ನಾವು ಒಬ್ಬರೇ ಇರುವಾಗಿನದಕ್ಕಿಂತ ಜೊತೆಗಾರರಿದ್ದಾಗ ಸುಮಾರು 30 ಪಟ್ಟು ಹೆಚ್ಚು ನಗುತ್ತೇವೆ ಎಂದು ರಾಬರ್ಟ್ ಪ್ರೊವೈನ್ ಎಂಬ ವಿಜ್ಞಾನಿ ಲೆಕ್ಕ ಹಾಕಿದ್ದರು. ಅದಕ್ಕೆ ಜೋಕು ಹೇಳಲೇಬೇಕೆಂದಿಲ್ಲ. ಜನ ನಗುವುದೆಲ್ಲ ಹೆಚ್ಚಾಗಿ "ಬಾ, ಹೋಗೋಣ" ಎಂಬಂಥ ಸಾಮಾನ್ಯ ಮಾತಿಗೇ.

ಹೀಗೆ ಕೂಡಿ ನಕ್ಕರೆ ಮೈಗೂ ಲಾಭವುಂಟು. ಇಂಗ್ಲೆಂಡಿನ ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು ಕೆಲವರಿಗೆ ತಮಾಷೆಯ ವಿಡಿಯೊ ತೋರಿಸಿ, ಆಮೇಲೆ ಎಷ್ಟು ನೋವು ತಡೆದುಕೊಳ್ಳಬಲ್ಲರೆಂದು ನೋಡಿದರು. ಬಿ.ಪಿ. ನೋಡುವಾಗ ತೋಳಿಗೆ ಸುತ್ತುತ್ತಾರಲ್ಲ, ಆ ಪಟ್ಟಿಯನ್ನು ಬಿಗಿ ಮಾಡುತ್ತಾ ಹೋದರು. ಮನಸಾರೆ ನಕ್ಕವರು ಹೆಚ್ಚು ನೋವು ತಾಳಿಕೊಂಡರು. ಹೊಟ್ಟೆ ಹಿಡಿದು ನಗುವಾಗ ಮಿದುಳಿನಲ್ಲಿ ಎಂಡಾರ್ಫಿನ್ ಎಂಬ ನೋವು ತಗ್ಗಿಸುವ ವಸ್ತು ಬಿಡುಗಡೆಯಾಗುವುದೇ ಇದಕ್ಕೆ ಕಾರಣ ಎನ್ನುತ್ತಾರೆ ಅವರು.

ಹಾಗಾದರೆ ಅಳುತ್ತಿರುವ ಗೆಳತಿಗೆ "ನಗು, ನಗು" ಎಂದು ಗಂಟುಬೀಳಬಹುದೇ? ಬೇಡ. ಬಲವಂತದ ನಗು ಮನಸಾರೆ ನಕ್ಕಂತಾಗುವುದಿಲ್ಲ. ಮಂಡಿ ತರಚಿದ್ದರೆ ಮೊದಲು ಗಾಯ ತೊಳೆಯಿರಿ, ಪಕ್ಕದಲ್ಲಿ ಕುಳಿತುಕೊಳ್ಳಿ, ಅವಳು ಹೇಳುವುದನ್ನು ಕೇಳಿ. ನಿಮ್ಮ ಮುಖ ಗೆಲುವಾಗಿದ್ದರೆ ನಗು ತಾನಾಗಿ ಬಂದೀತು.

ಮನಸಾರೆ ನಕ್ಕದ್ದು ತಿಳಿಯುವುದು ಹೇಗೆ? ಫ್ರಾನ್ಸಿನ ವೈದ್ಯ ಡ್ಯುಶೆನ್ 1862ರಲ್ಲೇ ಇದನ್ನು ಬರೆದಿಟ್ಟಿದ್ದರು. ತುಟಿಯ ಅಂಚನ್ನು ಮೇಲೆಳೆಯುವ ಕೆನ್ನೆಯ ಸ್ನಾಯು ನಾವು ಹೇಳಿದಂತೆ ಕೇಳುತ್ತದೆ. ಕಣ್ಣಿನ ಸುತ್ತಲಿನ ಸ್ನಾಯು ಅಷ್ಟು ಸುಲಭಕ್ಕೆ ಮಾತು ಕೇಳುವುದಿಲ್ಲ. ನಿಜವಾಗಿ ಖುಷಿಯಾದಾಗ ಅದು ಕಣ್ಣಂಚಿನಲ್ಲಿ ಪುಟ್ಟ ಗೆರೆಗಳನ್ನು ಮೂಡಿಸುತ್ತದೆ. ನಿಮ್ಮ ತರಗತಿಯ ಗ್ರೂಪ್ ಫೋಟೊ ಇದ್ದರೆ ಮುಖಗಳ ಕೆಳಭಾಗವನ್ನು ಕಾಗದದಿಂದ ಮುಚ್ಚಿ, ಕಣ್ಣುಗಳನ್ನಷ್ಟೇ ನೋಡಿ. "ಸ್ಮೈಲ್ ಪ್ಲೀಸ್" ಎಂದಾಗ ನಿಜಕ್ಕೂ ನಕ್ಕವರು ಯಾರ್‍ಯಾರು, ಅವರ ಅಕ್ಕಪಕ್ಕ ನಿಂತಿದ್ದವರು ಯಾರು?