ಅಕ್ಷರ ಗುಂಡು ಕಲಿಸಿದ ಪಾಠ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



'ಇತಿಹಾಸದಿಂದ ಕಲಿಯಬೇಕಾದ ನಾಯಕತ್ವದ ಗುಣಗಳು' ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಸಮಿತಿಯವರು ಹೇಳಿದಾಗ ನನಗೆ ಅಳುಕಾಯಿತು. ನಾನು ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಎಸ್ಸೆಸ್ಸೆಲ್ಸಿಯಲ್ಲಿ ನನಗೆ ಅತಿ ಕಡಿಮೆ ಅಂಕ ಬಂದದ್ದೇ ಸಮಾಜ ವಿಜ್ಞಾನದಲ್ಲಿ. ಮುಂದಿನ ಸಾಲಿನಲ್ಲಿ ಕುಳಿತಿರುವ ನಮ್ಮ ಮೇಷ್ಟ್ರಿಗೆ ಇದು ಚೆನ್ನಾಗಿ ಗೊತ್ತು. ಆದರೂ ಅವರು ಹೇಳಿಕೊಟ್ಟ ಒಂದು ಪಾಠ ನನ್ನ ಬದುಕಿನಲ್ಲಿ ಉಪಯೋಗಕ್ಕೆ ಬಂತು. ಅದನ್ನಷ್ಟೇ ಹೇಳುತ್ತೇನೆ.

ನಾವು ಒಂಬತ್ತನೇ ತರಗತಿಯಲ್ಲಿದ್ದಾಗ ಮೇಷ್ಟ್ರು ನಮ್ಮನ್ನು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಕರೆದುಕೊಂಡು ಹೋಗಿದ್ದರು. ನಾವೆಲ್ಲ ಹಂಪಿಗೆ ಹೋಗೋಣವೆಂದು ಹಟ ಹಿಡಿದಿದ್ದೆವು. ಅಲ್ಲಿ ನೋಡಿದರೆ ಒಂದು ಬಂಡೆ, ಅದರ ಮೇಲೆ ಸವೆದ ಗೆರೆಗಳು. ಬುತ್ತಿ ಬಿಚ್ಚುವುದು ಯಾವಾಗ ಎಂಬುದೊಂದೇ ನಮ್ಮ ಚಿಂತೆ. ಹಿಂದೆ ಸುತ್ತಲಿನ ಜನ ಅದನ್ನು 'ಅಕ್ಷರ ಗುಂಡು' ಎಂದು ಕರೆಯುತ್ತಿದ್ದರಂತೆ. 1892ರಲ್ಲಿ ಬಿ. ಎಲ್. ರೈಸ್ ಅವರು ಪತ್ತೆ ಮಾಡಿದ ಮೇಲೆ ಅದು ಅಶೋಕನ ಶಾಸನವೆಂದು ಲೋಕಕ್ಕೆ ತಿಳಿಯಿತು. ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ, ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಳೆಯದು.

ಬಿಸಿಲಿನಲ್ಲಿ ನಿಂತು ಮೇಷ್ಟ್ರು ಅದರ ಅರ್ಥ ಹೇಳಿದರು. ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಹೆಚ್ಚು ಕಾಲವಾಯಿತು, ಆದರೆ ಮೊದಲ ಒಂದು ವರ್ಷ ತಾನು ಹೆಚ್ಚು ಶ್ರಮಪಡಲಿಲ್ಲ ಎಂದು ದೊರೆ ಅದರಲ್ಲಿ ಹೇಳಿಕೊಂಡಿದ್ದಾನೆ. ಶ್ರಮಪಟ್ಟರೆ ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಮೇಲಕ್ಕೆ ಬರಬಹುದು ಎಂದೂ ಇದೆ. ಮೇಷ್ಟ್ರು ನಮ್ಮ ಕಡೆ ತಿರುಗಿ, "ಇಡೀ ದೇಶ ಆಳಿದವನು, ಒಂದು ವರ್ಷ ನಾನು ಸರಿಯಾಗಿ ಮಾಡಲಿಲ್ಲ ಅಂತ ಕಲ್ಲಿನ ಮೇಲೆ ಕೆತ್ತಿಸಿದ್ದಾನೆ ಕಣ್ರೋ. ನೀವು ಹೋಂವರ್ಕ್ ಮಾಡದೆ ಬಂದು, ಪುಸ್ತಕ ಮನೇಲಿ ಬಿಟ್ಟು ಬಂದೆ ಸಾರ್ ಅಂತೀರಿ" ಎಂದರು. ನಾವು ನಕ್ಕೆವು. ಅಂದಿಗೆ ಅದು ಮುಗಿಯಿತು.

ಕೆಲಸಕ್ಕೆ ಸೇರಿದ ಆರನೇ ವರ್ಷ ನಾನು ಐದು ಜನರ ಒಂದು ಟೀಮಿಗೆ ಮುಖ್ಯಸ್ಥನಾಗಿದ್ದೆ. ಗ್ರಾಹಕರಿಗೆ ಬಿಲ್ ಲೆಕ್ಕ ಹಾಕುವ ಸಾಫ್ಟ್‌ವೇರ್ ನಮ್ಮದು. ಒಂದು ಶುಕ್ರವಾರ ಸಂಜೆ ಊರಿಗೆ ಹೊರಡುವ ಆತುರದಲ್ಲಿ ನಾನು ಅದರಲ್ಲಿ ಒಂದು ಸಣ್ಣ ಬದಲಾವಣೆ ಮಾಡಿ, ಯಾರಿಗೂ ತೋರಿಸದೆ ಸೇರಿಸಿಬಿಟ್ಟೆ. ಸೋಮವಾರ ಬೆಳಿಗ್ಗೆ ನೋಡಿದರೆ ನೂರಾರು ಬಿಲ್ಲುಗಳಲ್ಲಿ ಮೊತ್ತ ತಪ್ಪು. ಮೀಟಿಂಗಿನಲ್ಲಿ "ಇದನ್ನು ಟೆಸ್ಟ್ ಮಾಡಿದವರು ಯಾರು?" ಎಂಬ ಪ್ರಶ್ನೆ ಬಂತು. ಹೊಸದಾಗಿ ಸೇರಿದ್ದ ಒಬ್ಬ ಹುಡುಗಿ ಎದ್ದು ನಿಂತಳು. ನನ್ನ ಬದಲಾವಣೆಯ ವಿಷಯ ಅವಳಿಗೆ ಗೊತ್ತೇ ಇರಲಿಲ್ಲ. ಬೈಗುಳವೆಲ್ಲ ಅವಳ ಪಾಲಿಗೆ ಹೋಯಿತು. ನಾನು ಬಾಯಿ ಬಿಡಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಮ್ಯಾನೇಜರ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ತಪ್ಪು ನನ್ನದೆಂದು ಒಪ್ಪಿಕೊಂಡೆ. ಅವರು "ಆಯ್ತು ಬಿಡಿ, ಸರಿ ಮಾಡಿದ್ದೀರಲ್ಲ" ಎಂದರು. ನನ್ನ ಮನಸ್ಸು ಹಗುರಾಯಿತು. ಬ್ರಹ್ಮಗಿರಿಯ ಪಾಠವನ್ನು ಪಾಲಿಸಿದೆನೆಂದೇ ತಿಳಿದೆ.

ಕೆಲವು ತಿಂಗಳ ನಂತರ ಸಹೋದ್ಯೋಗಿಯೊಬ್ಬರ ಮದುವೆಗೆ ಭುವನೇಶ್ವರಕ್ಕೆ ಹೋಗಿದ್ದೆ. ಸಮೀಪದಲ್ಲೇ ಧೌಲಿ ಇದೆ. ಹಳೆಯ ಕಳಿಂಗ ದೇಶ ಅದು. ಅಶೋಕ ಪಟ್ಟಕ್ಕೆ ಬಂದ ಎಂಟು ವರ್ಷಗಳ ಮೇಲೆ ಕಳಿಂಗವನ್ನು ಗೆದ್ದದ್ದು ನಾವೆಲ್ಲ ಓದಿದ್ದೇವೆ. ಒಂದು ಲಕ್ಷ ಜನ ಹತರಾದರು, ಒಂದೂವರೆ ಲಕ್ಷ ಜನ ಸೆರೆಯಾಗಿ ಊರು ಬಿಟ್ಟು ಹೋದರು, ಅದಕ್ಕಾಗಿ ತನಗೆ ಬಹಳ ವ್ಯಥೆಯಾಗಿದೆ ಎಂದು ಅವನು ತನ್ನ ಹದಿಮೂರನೇ ಶಿಲಾಶಾಸನದಲ್ಲಿ ಕೆತ್ತಿಸಿದ. ಆ ಶಾಸನ ಗುಜರಾತಿನ ಗಿರ್ನಾರಿನಲ್ಲಿದೆ, ಆಂಧ್ರದ ಎರ್ರಗುಡಿಯಲ್ಲಿದೆ. ಆದರೆ ಧೌಲಿಯ ಬಂಡೆಯ ಮೇಲೆ ಅದು ಇಲ್ಲ! ಕಳಿಂಗದ್ದೇ ಆದ ಜೌಗಡದಲ್ಲೂ ಇಲ್ಲ. ಅದರ ಬದಲು ಅಲ್ಲಿ ಅಧಿಕಾರಿಗಳಿಗೆ ಬುದ್ಧಿಮಾತು ಇದೆ: ಎಲ್ಲ ಜನರೂ ನನ್ನ ಮಕ್ಕಳು, ಅಸೂಯೆ, ಕೋಪ, ಕ್ರೌರ್ಯ, ಆತುರ, ಸೋಮಾರಿತನ ಬಿಟ್ಟು ನ್ಯಾಯ ಕೊಡಿ ಎಂದು.

ಅದೂ ಒಳ್ಳೆಯ ಮಾತೇ. ಕಾರಣ ಏನೇ ಇರಲಿ, ನೊಂದವರ ನೆಲದಲ್ಲಿ ಮಾತ್ರ ಆ ಪಶ್ಚಾತ್ತಾಪದ ಮಾತನ್ನು ಕೆತ್ತಿಸಲಿಲ್ಲ. ಗೆದ್ದ ರಾಜ್ಯವನ್ನು ಹಿಂದಕ್ಕೂ ಕೊಡಲಿಲ್ಲ. ಅಲ್ಲಿ ನಿಂತಾಗ ನನಗೆ ಆ ಹುಡುಗಿ ನೆನಪಾದಳು. ನಾನೂ ಅದನ್ನೇ ಮಾಡಿದ್ದೆ. ಮೇಲಿನವರ ಮುಂದೆ ತಪ್ಪೊಪ್ಪಿಕೊಂಡು, ನೊಂದವಳ ಮುಂದೆ ಸುಮ್ಮನಿದ್ದೆ.

ಬೆಂಗಳೂರಿಗೆ ಮರಳಿದ ಮೊದಲ ದಿನವೇ ಇಡೀ ಟೀಮಿನ ಎದುರು ನಡೆದದ್ದನ್ನೆಲ್ಲ ಹೇಳಿ ಅವಳ ಕ್ಷಮೆ ಕೇಳಿದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮೊದಲೇ ಹೇಳಿದ್ದರೆ ಚೆನ್ನಾಗಿತ್ತು ಸಾರ್. ಈ ಕೆಲಸ ನನ್ನಿಂದ ಆಗಲ್ಲ, ಬಿಟ್ಟು ಬರ್ತೀನಿ ಅಂತ ಅಮ್ಮನಿಗೆ ಹೇಳಿಬಿಟ್ಟಿದ್ದೆ" ಎಂದಳು. ನನ್ನ ಮೌನದ ಬೆಲೆ ಎಷ್ಟೆಂದು ಅಂದು ಗೊತ್ತಾಯಿತು. ಅಂದಿನಿಂದ ನಮ್ಮ ಟೀಮಿನಲ್ಲಿ ಯಾವ ತಪ್ಪಾದರೂ ಮೊದಲು ನನ್ನ ಪಾಲು ಎಷ್ಟೆಂದು ನಾನೇ ಹೇಳುತ್ತೇನೆ. ಈಗ ಉಳಿದವರೂ ಹೆದರದೆ ಹೇಳುತ್ತಾರೆ.

ಮಕ್ಕಳೇ, ಇತಿಹಾಸದ ದೊಡ್ಡವರನ್ನು ದೇವರು ಮಾಡಿ ಕೈಮುಗಿದರೆ ಸಾಲದು. ಅವರು ಮಾಡಿದ್ದು ಯಾವುದು, ಮಾಡದೆ ಬಿಟ್ಟದ್ದು ಯಾವುದು ಎಂದು ಎರಡನ್ನೂ ನೋಡಬೇಕು. ಬ್ರಹ್ಮಗಿರಿಯಲ್ಲಿ ತನ್ನ ಕೊರತೆಯನ್ನು ಹೇಳಿಕೊಂಡ ಅಶೋಕನೂ ನಮಗೆ ಗುರು, ಧೌಲಿಯಲ್ಲಿ ಹೇಳದೆ ಬಿಟ್ಟ ಅಶೋಕನೂ ಗುರುವೇ. ನಾಳೆ ನೀವು ಗ್ರಾಮ ಪಂಚಾಯಿತಿ ಸದಸ್ಯರಾಗಬಹುದು, ಹಾಲಿನ ಡೇರಿ ಕಾರ್ಯದರ್ಶಿಯಾಗಬಹುದು, ಮನೆಯ ಯಜಮಾನರಾಗಬಹುದು. ತಪ್ಪಾದಾಗ ಯಾರಿಗೆ ನೋವಾಗಿದೆಯೋ ಅವರ ಎದುರಿಗೇ ಹೋಗಿ ಹೇಳಿ. ತಡಮಾಡಬೇಡಿ.

ಬ್ರಹ್ಮಗಿರಿಯ ಶಾಸನದ ಕೊನೆಯ ಭಾಗದಲ್ಲಿ ಇನ್ನೂ ಒಂದು ಮಾತಿದೆ: ತಂದೆತಾಯಿಗಳ ಮಾತು ಕೇಳಬೇಕು, ಸತ್ಯ ನುಡಿಯಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು. ಆದ್ದರಿಂದ ಮೇಷ್ಟ್ರೇ, ಇಪ್ಪತ್ತು ವರ್ಷದ ಹಿಂದಿನ ನನ್ನ ಬಾಕಿಯನ್ನೂ ಇಂದು ಎಲ್ಲರ ಎದುರಿಗೇ ತೀರಿಸುತ್ತೇನೆ. ಬ್ರಹ್ಮಗಿರಿಯ ಬಗ್ಗೆ ಬರೆದುಕೊಂಡು ಬನ್ನಿ ಎಂದು ನೀವು ಹೇಳಿದ್ದಿರಿ. ಪುಸ್ತಕ ಮನೆಯಲ್ಲಿ ಬಿಟ್ಟು ಬಂದೆ ಎಂದಿದ್ದೆ. ಅದು ಸುಳ್ಳು ಸಾರ್, ನಾನು ಬರೆದೇ ಇರಲಿಲ್ಲ. ಇದೇ ಆ ಹೋಂವರ್ಕ್, ಒಪ್ಪಿಸಿಕೊಳ್ಳಿ.