ಖರೀದಿ ಕೇಂದ್ರದಾಗ ದುಡಿದವನ ಹೆಸರೂ ಬರಲಿ

(ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷದಿಂದ ನಮ್ಮ ಸಂಘ ರೈತರ ಜೊತೆ ನಿಂತಿದೆ. ಆದರೆ ಬೆಳೆದ ಮಾಲು ಸರ್ಕಾರಕ್ಕೆ ಮಾರಬೇಕೆಂದು ಬಂದ ಕೆಲವು ಸದಸ್ಯರು ಬರಿಗೈಲೆ ಹೋಗುತ್ತಾರೆ. ಯಾಕೆ ಅನ್ನೋದನ್ನು ಈ ದಿನ ಮಾತಾಡಬೇಕಾಗಿದೆ.

ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆ, ದೇವದುರ್ಗ ಕಡೆ ನಾರಾಯಣಪುರ ಬಲದಂಡೆ ಕಾಲುವೆ. ಎರಡೂ ಕಡೆ ಹೊಲ ಒಬ್ಬರದು, ದುಡಿಮೆ ಇನ್ನೊಬ್ಬರದು ಇರುವುದುಂಟು. ಮಾಲಕರು ರಾಯಚೂರಿನಲ್ಲಿದ್ದರೆ, ಲೀಜಿಗೆ ಮಾಡಿದವನು ಹೊಲದಾಗ ಇರುತ್ತಾನೆ.

2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಸಾಮಾನ್ಯ ಭತ್ತಕ್ಕೆ ಕ್ವಿಂಟಲಿಗೆ 2369 ರೂಪಾಯಿ, ತೊಗರಿಗೆ 8000 ರೂಪಾಯಿ ಬೆಂಬಲ ಬೆಲೆ ಸಾರಿತು. ಆ ದರಕ್ಕೆ ಮಾರಲು ಪಹಣಿಗೆ ಜೋಡಿಸಿದ ಫ್ರೂಟ್ಸ್ ಸಂಖ್ಯೆ ಬೇಕು. ಹಣ ಬರುವುದೂ ಆ ಹೆಸರಿನ ಖಾತೆಗೇ. ಹೀಗಾಗಿ ಲೀಜಿನವನು ಮಾಲಕರ ಕೈಕಾಲು ಹಿಡಿಯಬೇಕು, ಇಲ್ಲವೇ ದಲಾಲಿ ಅಂಗಡಿಯವರು ಹೇಳಿದ ರೇಟಿಗೆ ಕೊಟ್ಟು ಬರಬೇಕು.

"ಕಾಗದ ಮಾಡಿಸಿಕೊಳ್ಳಬಾರದೇನು?" ಎಂದು ಕೇಳುವವರಿದ್ದಾರೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ ಗೇಣಿ ಪದ್ಧತಿಯನ್ನೇ ರದ್ದು ಮಾಡಿತು. ಅದರಿಂದ ಎಷ್ಟೋ ಗೇಣಿದಾರರು ಹೊಲದ ಮಾಲಕರಾದರು, ಅದು ದೊಡ್ಡ ಕೆಲಸ. ಆದರೆ ಲೀಜು ನಿಲ್ಲಲಿಲ್ಲ, ಬಾಯಿಮಾತಿನಲ್ಲಿ ಉಳಿಯಿತು. ಬರೆದುಕೊಟ್ಟರೆ ಹೊಲ ಹೋದೀತು ಎಂದು ಮಾಲಕರಿಗೆ ಭಯ. ಕೇಳಿದರೆ ಬರುವ ವರ್ಷ ಹೊಲ ಸಿಗಲಿಕ್ಕಿಲ್ಲ ಎಂದು ಲೀಜಿನವನಿಗೆ ಭಯ.

ಪಹಣಿ ಕೇಳುವುದು ತಪ್ಪಲ್ಲ. ಕೇಳದಿದ್ದರೆ ವ್ಯಾಪಾರಿಗಳೇ ರೈತರ ಹೆಸರಿನಾಗ ಮಾಲು ತಂದು ಹಾಕ್ಯಾರು. ಅದಕ್ಕೇ ರಾಜ್ಯ ಸರ್ಕಾರಕ್ಕೆ ಮೂರು ತಿದ್ದುಪಡಿ ಕೇಳೋಣ ಎಂಬುದು ನಮ್ಮ ಸೂಚನೆ. ಒಂದು, ಮಾಲಕರ ಒಪ್ಪಿಗೆ ಪತ್ರದ ಮೇಲೆ ಸಾಗುವಳಿ ಮಾಡಿದವನ ಹೆಸರು ನೋಂದಾಯಿಸಿ, ಹಣ ಅವನ ಖಾತೆಗೆ ಹಾಕಬೇಕು. ಎರಡು, ಆ ಪತ್ರ ಒಂದು ಹಂಗಾಮಿನ ಮಾರಾಟಕ್ಕೆ ಮಾತ್ರ, ಹೊಲದ ಹಕ್ಕಿಗೆ ಅಲ್ಲ ಎಂದು ನಿಯಮದಲ್ಲೇ ಬರೆಯಬೇಕು. ಮೂರು, ಬೆಳೆ ಸಮೀಕ್ಷೆ ನೋಡಿ ಬೆಳೆದವರು ಯಾರೆಂದು ಖಾತ್ರಿ ಮಾಡುವ ಕೆಲಸ ಊರ ಸಂಘಕ್ಕೆ ಕೊಡಬೇಕು. ಯಾರ ಹೊಲ ಯಾರು ಮಾಡ್ಯಾರ ಅನ್ನೋದು ಕಂಪ್ಯೂಟರಿಗೆ ಗೊತ್ತಿಲ್ಲದಿದ್ದರೂ ಊರಿಗೆ ಗೊತ್ತು. ಆ ಕೆಲಸದಲ್ಲಿ ನಾವು ಸುಳ್ಳು ಸಹಿ ಮಾಡಿದರೆ ಸದಸ್ಯರಾದ ನೀವು ಎದ್ದು ಕೇಳಬೇಕು.

ಹೊಲ ಲೀಜಿಗೆ ಕೊಟ್ಟವರು ನಿರ್ದೇಶಕರಾದ ನಮ್ಮಲ್ಲೂ ಇದ್ದೇವೆ. ಠರಾವು ಇಂದೇ ಆಗಲಿ. ಒಪ್ಪಿಗೆ ಪತ್ರಕ್ಕೆ ಮೊದಲ ಸಹಿ ನಮ್ಮದಿರಲಿ. ಇಷ್ಟು ಹೇಳಿ ನಮ್ಮ ಎರಡು ಮಾತು ಮುಗಿಸುತ್ತೇವೆ.

ಜೈ ಕಿಸಾನ್, ಜೈ ಸಹಕಾರ.